ಒಂದು ಚುಕ್ಕೆಗಾಗಿ ಕೂತವರು

ಒಬ್ಬ ಸಾಹುಕಾರ ಇದ್ದ ಅಂತಿಟ್ಕೊಳ್ಳಿ. ಕಣ್ಣು ಕಾಣದವರಿಗೆ ಅಕ್ಷರ ಓದಿ ಹೇಳೋ ಯಂತ್ರ ಮಾಡಿ ಮಾರ್ತಿದ್ದ. ಆದ್ರೆ ನೋಡಿ, ಆ ಯಂತ್ರಕ್ಕೆ ಕನ್ನಡ ಓದೋದು ಕಲಿಸಿದ್ದು ಅವನಲ್ಲ. ಯಾರ್‍ಯಾರೋ ಕೂಡಿ ಪ್ರೋಗ್ರಾಂ ಬರೆದು, "ಎಲ್ಲರೂ ಬಳಸಿ, ತಪ್ಪಿದ್ರೆ ತಿದ್ದಿ" ಅಂತ ಇಂಟರ್ನೆಟ್‌ನಲ್ಲಿ ತೆರೆದಿಟ್ಟಿದ್ರು. ಓಪನ್ ಸೋರ್ಸ್ ಲೈಬ್ರರಿ ಅಂತಾರೆ ಅದಕ್ಕೆ. ಸಾಹುಕಾರ ಹನ್ನೊಂದು ವರ್ಷ ಬಳಸಿದ. ಒಂದು ಸಲಾನೂ ಆ ಕಡೆ ತಿರುಗಿ ನೋಡಲಿಲ್ಲ.

ಒಂದು ಬೆಳಿಗ್ಗೆ ಫೋನು. ನೀಲಗಂಗಾ ಅಂತ, ಕಣ್ಣಿಲ್ಲದ ತಾಯಿ.

"ಅಣ್ಣಾರೇ, ಕೂಸಿಗೆ ಜ್ವರ. ಔಷಧಿ ಚೀಟಿಗೆ ನಿಮ್ಮ ಯಂತ್ರ ಹಿಡಿದೆ. ಹದಿನೈದು ಎಂ.ಎಲ್. ಅಂತು. ಎಂಟು ತಿಂಗಳ ಕೂಸಿಗೆ ಅಷ್ಟೊಂದಾ? ಪಕ್ಕದ ಮನೆಯವರನ್ನ ಕೇಳಿದೆ. ಒಂದೂವರೆ ಅಂತೆ."

ಒಂದು, ಚುಕ್ಕೆ, ಐದು. ಯಂತ್ರ ಚುಕ್ಕೆ ನುಂಗಿತ್ತು! ಆ ತಾಯಿ ಅನುಮಾನಪಡದೆ ಕುಡಿಸಿದ್ರೆ?

ಸಾಹುಕಾರ ಬೆವೆತುಹೋದ. ಆಮೇಲೆ ರೇಗಿದ. ಆ ಲೈಬ್ರರಿ ನೋಡ್ಕೊಳ್ಳೋ ಶಾಂತವೀರಪ್ಪ ಅನ್ನೋ ನಿವೃತ್ತ ಮೇಷ್ಟ್ರಿಗೆ ಫೋನ್ ಹಚ್ಚಿ, "ಯಾರ್ರೀ ಇದರ ಮಾಲೀಕ?" ಅಂದ.

"ಮಾಲೀಕ ಅಂತ ಯಾರೂ ಇಲ್ಲ ಸಾಹುಕಾರ್ರೇ. ಬಳಸೋರೆಲ್ಲ ಮಾಲೀಕರೇ. ಏನಾಯ್ತು ಅಂತ ಇದ್ದದ್ದು ಇದ್ದಂಗೆ ಲೈಬ್ರರಿಯ ಇಂಟರ್ನೆಟ್ ಪುಟದಲ್ಲಿ ಬರೀರಿ, ಎಲ್ಲರೂ ನೋಡ್ತಾರೆ."

ಬರೆದ. ಗಂಟೆಯೊಳಗೆ ಶ್ರೀಲಂಕಾದ ಜಾಫ್ನಾದಿಂದ ಒಬ್ಬಳು, "ತಮಿಳಲ್ಲೂ ಹಿಂಗೇ ಆಗ್ತಿದೆ" ಅಂದ್ಲು. ನಾರ್ವೆಯವನೊಬ್ಬ ನಾಲ್ಕು ಸಾಲು ತಿದ್ದಿ ಕಳಿಸಿದ. ಮೇಷ್ಟ್ರು ಒಪ್ಪಲಿಲ್ಲ, "ವಾಕ್ಯ ಮುಗಿಸೋ ಚುಕ್ಕೇನೂ ಇದು ಓದಿಬಿಡುತ್ತೆ" ಅಂದ್ರು. ಅವನು ಮತ್ತೆ ತಿದ್ದಿದ. ಇನ್ನು ಸರಿಯಾಯ್ತಾ ಅಂತ ನೋಡೋರ್‍ಯಾರು? ನೀಲಗಂಗಾ! ಕೂಸನ್ನ ತೊಡೆ ಮೇಲೆ ಮಲಗಿಸ್ಕೊಂಡು ಮೇಷ್ಟ್ರು ಕಳಿಸಿದ ನಾನೂರು ಚೀಟಿ ಯಂತ್ರದಿಂದ ಕೇಳಿ, ಪಕ್ಕದ ಮನೆಯವರ ಓದಿಗೆ ಹೋಲಿಸಿ ನೋಡಿದ್ಲು. ಏಳು ತಪ್ಪು ಹಿಡಿದ್ಲು. ಆ ಏಳೂ ಹೋದವು.

ಸಾಹುಕಾರ ಇದನ್ನೆಲ್ಲ ನೋಡ್ತಾ ಕೂತ. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಆ ಕೂಸನ್ನಂತೂ ಯಾರೂ ಕಂಡಿಲ್ಲ. ಒಂದು ಚುಕ್ಕೆಗಾಗಿ ಇಷ್ಟು ಜನ! ಮತ್ತೆ ಮೇಷ್ಟ್ರಿಗೆ ಫೋನ್ ಹಚ್ಚಿದ.

"ಮೇಷ್ಟ್ರೇ, ನನಗೆ ಪ್ರೋಗ್ರಾಂ ಬರಲ್ಲ. ನಾನೇನು ಮಾಡ್ಲಿ?"

"ಕನ್ನಡ ಬರುತ್ತಲ್ಲ? ಇದನ್ನ ಬಳಸೋದು ಹೆಂಗೆ ಅಂತ ಕನ್ನಡದಲ್ಲಿ ಇನ್ನೂ ಯಾರೂ ಬರೆದಿಲ್ಲ."

ಅವತ್ತೇ ಶುರು ಮಾಡಿದ. ಮೊದಲ ಪುಟದಲ್ಲಿ ಮೇಷ್ಟ್ರು ಹದಿನಾಲ್ಕು ತಪ್ಪು ತೋರಿಸಿದ್ರು. ತಲೆ ತಗ್ಗಿಸಿ ತಿದ್ದಿದ. ತನ್ನ ಎಂಜಿನಿಯರುಗಳಿಗೂ ಹೇಳಿದ: "ಪ್ರತಿ ಶುಕ್ರವಾರ ಆ ಲೈಬ್ರರಿ ಕೆಲಸ. ನಮ್ಮ ಕೆಲಸ ಆಮೇಲೆ."

ಈಗ ನಿಮ್ಮನ್ನ ಕೇಳ್ತೀನಿ. ನೀವು ಬೆಳಿಗ್ಗೆ ಎದ್ದು ಮೊಬೈಲ್ ಒತ್ತುತ್ತೀರಿ, ಕನ್ನಡ ಮೂಡುತ್ತೆ. ಯಾರು ಮೂಡಿಸಿದ್ರು? ಯಾವತ್ತಾದ್ರೂ ಕೇಳಿದ್ದೀರಾ? ಯಾವತ್ತಾದ್ರೂ?

ತಪ್ಪು ಕಂಡ್ರೆ ಬೈದು ಮುಂದೆ ಹೋಗಬೇಡಿ. ಕಂಡದ್ದನ್ನ ಅಲ್ಲೇ ಬರೀರಿ. ಪ್ರೋಗ್ರಾಂ ಬರೋರು ಒಂದು ಸಾಲು ತಿದ್ದಿ. ಬಾರದೋರು ಓದಿ, ಕೇಳಿ, ತಪ್ಪು ಹಿಡೀರಿ. ನಿಮ್ಮ ಸಾಲನ್ನ ಯಾರಾದ್ರೂ ತಿದ್ದಿದ್ರೆ ಸಿಟ್ಟಾಗಬೇಡಿ. ವಾರಕ್ಕೆ ಒಂದು ಗಂಟೆ, ಅಷ್ಟೇ. ಇವತ್ತು ಮನೆಗೆ ಹೋಗಿ, ದಿನಾ ಬಳಸೋ ಇಂಥ ಒಂದೇ ಒಂದು ಪ್ರೋಗ್ರಾಂ ಹಿಂದೆ ಯಾರಿದ್ದಾರೆ ಅಂತ ಹುಡುಕಿ. ಸಿಕ್ಕಿದ್ಮೇಲೆ ಅವರನ್ನ ಕೇಳಿ: "ನಾನೇನು ಮಾಡ್ಲಿ?"