ಕಂಪ್ಯೂಟರಿಗೆ ಬಿಟ್ಟ ಒಂದಿಂಚು ಸಡಿಲ

ಬೀದಿಯವರೆಲ್ಲರ ಬಾಯಲ್ಲಿ ಕತ್ತರಿ ಅಕ್ಕ ಎಂದಾಗಿರುವ ನಾನು, ವಯಸ್ಸು 59 ವರ್ಷ, ಕಸುಬು ಹೊಲಿಗೆ, ವಾಸ ಔಷಧಿ ಅಂಗಡಿಯ ಹಿಂದಿನ ಬೀದಿ, ಎಡಗಡೆ ಮೂರನೇ ಮನೆ, ನೆಲಮಹಡಿ, ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ, ಈ ದಿನ ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಯಾರೂ ಕರೆಯದೆ ಠಾಣೆಗೆ ಬಂದು ನನ್ನ ಬಾಯಿಂದಲೇ ತಿಳಿಸುವುದೇನೆಂದರೆ:

ಕಂಪ್ಯೂಟರ್ ಅಂಗಡಿಯವರು ಕೊಟ್ಟಿರುವ ದೂರನ್ನು ಹೆಡ್ ಕಾನ್ಸ್‌ಟೇಬಲ್ ಮೇಡಂ ನನಗೆ ಓದಿ ಹೇಳಿದ್ದಾರೆ. ಒಬ್ಬ ವಯಸ್ಸಾದ ವ್ಯಕ್ತಿ ಈ ದಿನ ಬೆಳಿಗ್ಗೆ 10 ಗಂಟೆ 55 ನಿಮಿಷದಿಂದ ಮಧ್ಯಾಹ್ನ 1 ಗಂಟೆ 5 ನಿಮಿಷದವರೆಗೆ ಅಂಗಡಿಯ ಗಲ್ಲಾದ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರು, ಎಷ್ಟು ಹೇಳಿದರೂ ಏಳಲಿಲ್ಲ, ವ್ಯಾಪಾರಕ್ಕೆ ಅಡ್ಡಿಯಾಯಿತು ಎಂದು ಅದರಲ್ಲಿದೆ. ಸದರಿ ವಯಸ್ಸಾದ ವ್ಯಕ್ತಿ ನನ್ನ ಗಂಡ. ವಯಸ್ಸು 64. ನಿವೃತ್ತ ಲಿಫ್ಟ್ ಮೆಕ್ಯಾನಿಕ್. ಕುಳಿತದ್ದು ನಿಜ. ಕೂರುವ ಹಾಗೆ ಮಾಡಿದವಳು ನಾನು. ಅದನ್ನು ಹೇಳಲಿಕ್ಕೇ ಬಂದಿದ್ದೇನೆ.

ನಮಗೆ ಮದುವೆಯಾಗಿ 36 ವರ್ಷ. ಪ್ರತಿದಿನ ಸಂಜೆ 7.30ರಿಂದ 9.30ರವರೆಗೆ ನಾವಿಬ್ಬರೂ ಒಂದೇ ಸೋಫಾದಲ್ಲಿ ಕುಳಿತು ಸಿನಿಮಾ ನೋಡುತ್ತೇವೆ. ನನ್ನ ಕೈಯಲ್ಲಿ ಗುಂಡಿ ಹಾಕಬೇಕಾದ ಬಟ್ಟೆ ಇರುತ್ತದೆ, ಅವರ ಕೈಯಲ್ಲಿ ರಿಮೋಟ್ ಇರುತ್ತದೆ. ಸಿನಿಮಾಗಳೆಲ್ಲ ಟಿವಿಯ ಕೆಳಗಿನ ಕಪಾಟಿನಲ್ಲಿರುವ ಒಂದು ತೆಳ್ಳನೆಯ ಕಂಪ್ಯೂಟರಿನೊಳಗಿವೆ. ಒಂಬತ್ತು ವರ್ಷದ ಹಿಂದೆ ಇವರೇ ಜೋಡಿಸಿದ್ದು. ಇವರು ಅದನ್ನು ಹೋಮ್ ಥಿಯೇಟರ್ ಎನ್ನುತ್ತಾರೆ, ನಾನು ಡಬ್ಬ ಎನ್ನುತ್ತೇನೆ. ಈ ವಿಷಯದಲ್ಲಿ ಒಂಬತ್ತು ವರ್ಷದಿಂದ ರಾಜಿಯಾಗಿಲ್ಲ.

ಕಳೆದ ತಿಂಗಳು 20ನೇ ತಾರೀಕು ಹಳೆಯ ಟಿವಿ ಕಣ್ಣು ಮುಚ್ಚಿತು. 23ಕ್ಕೆ ಹೊಸದು ಬಂತು, ಗೋಡೆಯಷ್ಟು ಅಗಲ. ಅಷ್ಟು ದೊಡ್ಡ ಚಿತ್ರ ತಳ್ಳುವ ತಾಕತ್ತು ನಮ್ಮ ಡಬ್ಬಕ್ಕೆ ಇರಲಿಲ್ಲ. ಚಿತ್ರ ನಿಂತು ನಿಂತು ಓಡತೊಡಗಿತು. ಮಾತು ಮುಂದೆ, ತುಟಿ ಹಿಂದೆ. ಒಂದು ಸಿನಿಮಾದಲ್ಲಿ ನಾಯಕನ ತಾಯಿ ಕೊನೆಯ ಮಾತನ್ನೆಲ್ಲ ಹೇಳಿ ಪ್ರಾಣ ಬಿಟ್ಟ ಮೇಲೆ ನಿಧಾನವಾಗಿ ಬಾಯಿ ಆಡಿಸಿದಳು. ನಾನು ನಕ್ಕೆ. ಇವರು ನಗಲಿಲ್ಲ. ಎರಡು ಮಹಡಿಯ ನಡುವೆ ಲಿಫ್ಟ್ ಸಿಕ್ಕಿಕೊಂಡಾಗ ಯಾರೂ ನಗುವುದಿಲ್ಲ, ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕು ಎಂದರು.

ಗ್ರಾಫಿಕ್ಸ್ ಕಾರ್ಡ್ ಎಂದರೇನು ಎಂದು ಮೇಡಂ ಕೇಳಿದ್ದರಿಂದ ತಿಳಿಸುವುದು: ಅದು ಕಂಪ್ಯೂಟರಿನ ಹೊಟ್ಟೆಯೊಳಗೆ ಸಿಕ್ಕಿಸುವ, ಅಂಗೈಗಿಂತ ಸ್ವಲ್ಪ ಉದ್ದದ ಹಲಗೆ. ಚಿತ್ರ ಮೂಡಿಸುವುದಷ್ಟೇ ಅದರ ಕೆಲಸ. ಬಿಸಿಯಾಗುತ್ತದೆ ಎಂದು ಬೆನ್ನಿಗೆ ಒಂದು ಪುಟ್ಟ ಫ್ಯಾನು ಇರುತ್ತದೆ.

ಈ ತಿಂಗಳು 2ನೇ ತಾರೀಕು ನನ್ನ ಗಂಡನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು ಎಂದು ಡಾಕ್ಟರು ಹೇಳಿದರು. ಬಗ್ಗಬಾರದು ಎನ್ನುವುದನ್ನು ನಾನು ದಿನಕ್ಕೆ ಹದಿನಾಲ್ಕು ಸಲ ಹೇಳಿದೆ.

6ನೇ ತಾರೀಕು ಬೆಳಿಗ್ಗೆ ನಾನು ಒಬ್ಬರು ಮೇಷ್ಟ್ರ ಕೋಟಿನ ಎಡತೋಳನ್ನು ಮುಕ್ಕಾಲು ಇಂಚು ಮೋಟು ಕತ್ತರಿಸಿದೆ. ನಲವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಬೇರೆ ಬಟ್ಟೆ ತಂದು ಹೊಲಿದು ಕೊಟ್ಟೆ. ಆ ಸಂಜೆ ಊಟದ ಹೊತ್ತಿಗೆ, ನನ್ನ ಕಣ್ಣೂ ಕೈಯೂ ಮುಗಿದವು, ಈ ವರ್ಷದ ಕೊನೆಗೆ ಅಂಗಡಿ ಮುಚ್ಚುತ್ತೇನೆ ಎಂದೆ. ನಾನು ಅಳಲಿಲ್ಲ. ಕಣ್ಣಿಗೆ ದಾರದ ಚೂರು ಬಿದ್ದಿತ್ತು. ಎರಡೂ ಕಣ್ಣಿಗೆ ಬಿದ್ದಿತ್ತು. ಇವರು ಊಟ ಮುಗಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ನನ್ನ ದೊಡ್ಡ ಕತ್ತರಿಗೆ ಸಾಣೆ ಹಿಡಿದು, ತಿರುಪಿಗೆ ಎಣ್ಣೆ ಬಿಟ್ಟು, ಒರೆಸಿ ಇಟ್ಟಿದ್ದರು.

8ನೇ ತಾರೀಕಿನಿಂದ 15ರವರೆಗೆ ಕಾರ್ಡಿನ ಆಯ್ಕೆ ನಡೆಯಿತು. ನಮ್ಮ ಮದುವೆಗೆ ಇವರು ನನ್ನನ್ನು ನೋಡಿ ಒಪ್ಪಿದ್ದು ಇಪ್ಪತ್ತೈದು ನಿಮಿಷದಲ್ಲಿ ಎಂಬುದನ್ನು ದಾಖಲಿಸಿಕೊಳ್ಳಬೇಕಾಗಿ ಕೋರಿಕೆ. ಒಂದು ನೋಟ್‌ಬುಕ್ಕಿನಲ್ಲಿ ಹನ್ನೊಂದು ಕಾರ್ಡು ಬರೆದುಕೊಂಡರು. ಅವುಗಳ ಹೆಸರೆಲ್ಲ ಬರೀ ನಂಬರು. ನೆನಪಿರುವುದಿಲ್ಲ ಎಂದು ಒಂದಕ್ಕೆ ದಪ್ಪಣ್ಣ, ಒಂದಕ್ಕೆ ಜೋಡಿ ಫ್ಯಾನು, ಫ್ಯಾನೇ ಇಲ್ಲದ ಒಂದಕ್ಕೆ ಮೌನಿ ಎಂದು ಇಟ್ಟರು. ನಮ್ಮ ಡಬ್ಬ ತೆಳ್ಳಗಿರುವುದರಿಂದ ಅರ್ಧ ಎತ್ತರದ ಕಾರ್ಡೇ ಆಗಬೇಕು, ಅದಕ್ಕೆ ಬೇರೆ ಕರೆಂಟಿನ ವೈರು ಎಳೆಯುವಂತಿರಬಾರದು, ಸಿನಿಮಾ ನೋಡುವವರಿಗೆ ಯುದ್ಧದ ಆಟ ಆಡುವವರ ಕಾರ್ಡು ಯಾಕೆ, ಅಗ್ಗದ್ದೇ ಸಾಕು ಎಂದು ಊಟಕ್ಕೊಮ್ಮೆ ನನಗೆ ಪಾಠವಾಯಿತು. ಮೌನಿಯನ್ನೇ ತನ್ನಿ, ಮನೆಯಲ್ಲಿ ಒಬ್ಬರಾದರೂ ಸುಮ್ಮನಿರಲಿ ಎಂದೆ. ಮುಚ್ಚಿದ ಕಪಾಟಿನಲ್ಲಿ ಗಾಳಿಯಾಡದೆ ಅದು ಕುದ್ದುಹೋಗುತ್ತದೆ ಕಣೇ ಎಂದರು.

ಮೂರು ದಿನ ಕಂಪ್ಯೂಟರ್ ಅಂಗಡಿಗೆ ಹೋಗಿ, ಕಾರ್ಡುಗಳನ್ನು ಒಂದೊಂದಾಗಿ ಓಡಿಸಿ, ಪ್ರತಿ ಫ್ಯಾನಿಗೂ ಕಿವಿ ಕೊಟ್ಟು ಕೇಳಿದರು. ಲಿಫ್ಟಿನ ಬೇರಿಂಗು ಸವೆಯುವುದನ್ನು ಕಿವಿಯಲ್ಲೇ ಕಂಡುಹಿಡಿಯುತ್ತಿದ್ದವರು. ಅಂಗಡಿಯವರು ಬಣ್ಣ ಬಣ್ಣದ ದೀಪ ಉರಿಯುವ ಕಾರ್ಡು ತೋರಿಸಿ ಹೊಗಳಿದಾಗ, ಎಲ್ಲ ಸರಿಯಪ್ಪಾ, ಈ ದೀಪ ಆರಿಸುವ ಸ್ವಿಚ್ಚು ಎಲ್ಲಿ ಎಂದು ಕೇಳಿದರಂತೆ. ಕೊನೆಗೆ ಒಂಟಿ ಫ್ಯಾನಿನ ಒಂದು ಕಾರ್ಡು ಮನಸ್ಸಿಗೆ ಬಂತು. ಉದ್ದ ಏಳೂಕಾಲು ಇಂಚು. ಡಬ್ಬದೊಳಗೆ ಹಿಡಿಸುತ್ತದೆಯೇ ಎಂಬುದೊಂದೇ ಉಳಿದ ಪ್ರಶ್ನೆ.

15ನೇ ತಾರೀಕು ಭಾನುವಾರ ಸಂಜೆ 4 ಗಂಟೆಗೆ, ಇವರು ಬಗ್ಗುವಂತಿಲ್ಲವಾದ್ದರಿಂದ, ನಾನೇ ನೆಲಕ್ಕೆ ಮೈ ಚೆಲ್ಲಿ, ಡಬ್ಬದ ಮುಚ್ಚಳ ತೆಗೆದು, ನನ್ನ ಟೇಪಿನಿಂದ ಅಳೆದೆ. ನನ್ನ ಅಳತೆ ಪುಸ್ತಕದಲ್ಲೇ, ಮೇಷ್ಟ್ರ ಕೋಟಿನ ಕೆಳಗೆ, ಗಿರಾಕಿಯ ಹೆಸರು ಡಬ್ಬ, ಉದ್ದ ಏಳೂಮುಕ್ಕಾಲು ಎಂದು ಬರೆದೆ. ಅಂದರೆ ಅರ್ಧ ಇಂಚು ಮಿಗುತ್ತದೆ ಎಂದು ಇವರು ಖುಷಿಯಾದರು. 17ಕ್ಕೆ ಕಾರ್ಡು ತಂದರು.

ನಿನ್ನೆ 18ನೇ ತಾರೀಕು ಸಂಜೆ 7 ಗಂಟೆಗೆ ಇವರು ಸ್ಟೂಲಿನ ಮೇಲೆ ಕುಳಿತು ಹೇಳುತ್ತಾ, ನಾನು ನೆಲದಲ್ಲಿ ಕುಳಿತು ಮಾಡುತ್ತಾ, ಕಾರ್ಡು ಕೂರಿಸಲು ನೋಡಿದೆವು. ಅದು ಒಳಗಿನ ಒಂದು ತಗಡಿಗೆ ತಗುಲಿ ನಿಂತಿತು. ಸ್ವಲ್ಪ ಎಳೆದು ಕೂರಿಸೋಣವೇ ರೀ ಎಂದು ಕೇಳಿದೆ. ಅದೇನು ಸ್ವೆಟರೇ ಎಂದರು. ಆಮೇಲೆ ಕಾರ್ಡು ಬಂದ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದರ ಮೇಲೆ ಅಚ್ಚು ಹಾಕಿರುವ ಉದ್ದವೇ ತಪ್ಪು, ನಾಳೆ ಬದಲಾಯಿಸಿಕೊಂಡು ಬರುತ್ತೇನೆ ಎಂದರು. ನಾನು ನಂಬಿದೆ.

ಈ ದಿನ 19ನೇ ತಾರೀಕು ಬೆಳಿಗ್ಗೆ 10 ಗಂಟೆ 10 ನಿಮಿಷದಿಂದ ನಾನು ಮುಂದಿನ ಕೋಣೆಯಲ್ಲಿ ಒಬ್ಬ ಗಿರಾಕಿಗೆ ಕಾಲರು ಸರಿಮಾಡುತ್ತಿದ್ದೆ. 10.40ಕ್ಕೆ ಇವರು ಕಾರ್ಡಿನ ಡಬ್ಬಿ ಹಿಡಿದು ಹೊರಟರು. ಬಾಗಿಲಲ್ಲಿ ನಿಂತು, ನೀನು ಕಂಪ್ಯೂಟರಿನ ಹತ್ತಿರ ಹೋಗಬೇಡ, ಮತ್ತೆ ಅಳೆಯುವುದೇನೂ ಬೇಡ, ನಿನ್ನ ಅಳತೆ ಸರಿಯಾಗಿಯೇ ಇದೆ, ಎಲ್ಲ ಅಂಗಡಿಯವನದೇ ತಪ್ಪು ಎಂದರು. 36 ವರ್ಷದಲ್ಲಿ ನಾನು ಹೇಳಿದ್ದನ್ನು ಇವರು ವಾದ ಮಾಡದೆ ಸರಿ ಎಂದದ್ದು ಅದೇ ಮೊದಲು. ನನಗೆ ಕೂಡಲೇ ಅನುಮಾನ ಬಂತು.

11.20ಕ್ಕೆ ಗಿರಾಕಿ ಹೋದರು. ನಾನು ಒಳಗೆ ಹೋಗಿ ನೋಡಿದೆ. ಡಬ್ಬದ ಮುಚ್ಚಳ ವಾರೆಯಾಗಿತ್ತು. ಕಪಾಟಿನ ಮುಂದೆ ನೆಲದ ಧೂಳಿನಲ್ಲಿ ಎರಡು ಮೊಣಕಾಲಿನ ಗುರುತಿತ್ತು. ಡಬ್ಬದ ಪಕ್ಕದಲ್ಲಿ ಇವರ ಉಕ್ಕಿನ ಟೇಪು ಬಿದ್ದಿತ್ತು, ಲಾಕ್ ಒತ್ತಿದ ಹಾಗೇ, ಆರೂಮುಕ್ಕಾಲು ಇಂಚಿಗೆ ನಿಂತಿತ್ತು. ಡಾಕ್ಟರು ಬೇಡ ಎಂದರೂ ಬಗ್ಗಿದ್ದಾರಲ್ಲ ಎಂದು ಮೊದಲು ಸಿಟ್ಟು ಬಂತು. ಸಿಟ್ಟು ಸುಮಾರು ಎರಡು ನಿಮಿಷ ಇತ್ತು.

ನನ್ನ ಟೇಪು ತಂದು ಮತ್ತೆ ಅಳೆದೆ. ಆರೂಮುಕ್ಕಾಲು. ಪುಸ್ತಕ ತೆಗೆದೆ. ಏಳೂಮುಕ್ಕಾಲು. ಆಗ ತಿಳಿಯಿತು. ಮೈಗೆ ಬಿಗಿಯಾಗಬಾರದು, ನಾಳೆ ದಪ್ಪವಾದರೆ ಬಿಚ್ಚಿ ಸಡಿಲಿಸಲು ಬಟ್ಟೆ ಇರಬೇಕು ಎಂದು ನಾನು ಯಾರನ್ನೇ ಅಳೆದರೂ ಒಂದಿಂಚು ಸೇರಿಸಿಯೇ ಬರೆಯುವುದು. ನಲವತ್ತು ವರ್ಷದ ರೂಢಿ. ಕಣ್ಣು ಆರೂಮುಕ್ಕಾಲು ಎಂದೇ ನೋಡಿದೆ, ಕೈ ತಾನೇ ಏಳೂಮುಕ್ಕಾಲು ಬರೆದಿದೆ. ಕಂಪ್ಯೂಟರು ಮುಂದೆ ದಪ್ಪವಾಗುವುದಿಲ್ಲ ಎಂಬುದು ನನ್ನ ಕೈಗೆ ಗೊತ್ತಿರಲಿಲ್ಲ.

ಇವರಿಗೆ ಅದೆಲ್ಲ ಬೆಳಿಗ್ಗೆಯೇ ಗೊತ್ತಾಗಿತ್ತು. ಗೊತ್ತಾಗಿಯೂ ನನ್ನ ಅಳತೆ ಸರಿ ಎಂದು ಹೇಳಿ ಹೋದರು. ಆ ಮೋಟು ತೋಳಿನ ನಂತರ ಇನ್ನೊಂದು ತಪ್ಪು ನನ್ನ ಕಿವಿಗೆ ಬೀಳಬಾರದು ಎಂದು.

1.35ಕ್ಕೆ ಅಂಗಡಿಯವರ ಫೋನು ಬಂತು. ಅಕ್ಕಾ, ಪೊಲೀಸರಿಗೆ ನಾನು ನಿಮ್ಮ ಮನೆಯವರನ್ನು ಬರೀ ಎಬ್ಬಿಸಿ ಕಳಿಸಿ ಅಂದಿದ್ದು, ಅವರು ನೋಡಿದರೆ ನಮ್ಮಿಬ್ಬರನ್ನೂ ಠಾಣೆಗೆ ಕರಕೊಂಡು ಬಂದಿದ್ದಾರೆ ಎಂದರು. ಮನೆಯಿಂದ ಠಾಣೆಗೆ 650 ಮೀಟರು. ಬಾಗಿಲಿಗೆ ಬೀಗ ಹಾಕಿ, ಕಣ್ಣಿನ ಹನಿಯ ಶೀಷೆ ತೆಗೆದುಕೊಂಡು ನಡೆದು ಬಂದೆ.

ಅಂಗಡಿಯಲ್ಲಿ ನಡೆದದ್ದನ್ನು ಅಂಗಡಿಯವರೇ ಮೇಡಂ ಎದುರು ನನಗೆ ಹೇಳಿದರು. ಇವರು ಅಂಗಡಿಗೆ ಹೋದವರು ಅಚ್ಚಿನ ತಪ್ಪು, ಅಂಗಡಿಯ ತಪ್ಪು ಎಂದು ಒಂದು ಮಾತೂ ಆಡಲಿಲ್ಲ. ನಾನೇ ತಪ್ಪು ಅಳೆದೆ, ದಯವಿಟ್ಟು ಚಿಕ್ಕದು ಕೊಡಿ ಎಂದರು. ಡಬ್ಬಿ ಒಡೆದ ಮೇಲೆ ವಾಪಸ್ ಇಲ್ಲ ಎಂದು ಅಂಗಡಿಯವರು ಹೇಳಿದರು. ಇದನ್ನು ಹೀಗೇ ಹಿಡಿದುಕೊಂಡು ಮನೆಗೆ ಹೋಗುವ ಹಾಗಿಲ್ಲಪ್ಪಾ ಎಂದು ಇವರು ಕುರ್ಚಿ ಎಳೆದು ಕುಳಿತರು. ಹನ್ನೆರಡು ಗಂಟೆ ಸುಮಾರಿಗೆ ಅಂಗಡಿಯವರಿಗೆ ರೇಗಿ, ಜೀವಮಾನವೆಲ್ಲ ಲಿಫ್ಟ್ ಕೂರಿಸಿದ್ದೀರಿ, ನಾಲ್ಕು ಬೆರಳಿನ ಜಾಗ ಅಳೆಯಲು ಬರುವುದಿಲ್ಲವೇ, ನೀವು ನಿಲ್ಲಿಸಿದ ಲಿಫ್ಟಿನಿಂದ ಜನ ಹಾರಿ ಇಳಿಯುತ್ತಿದ್ದರೋ ಹೇಗೆ ಎಂದು ಕೇಳಿದರು. ಅಲ್ಲಿದ್ದ ನಾಲ್ಕು ಜನ ನಕ್ಕರು.

ನನ್ನ ಗಂಡ ಲಿಫ್ಟಿನ ನೆಲವೂ ಕಟ್ಟಡದ ನೆಲವೂ ಎರಡು ಮಿಲಿಮೀಟರು ಹೆಚ್ಚುಕಡಿಮೆಯಾದರೆ ರಜೆಯ ದಿನವೂ ಹೋಗಿ ಸರಿಮಾಡಿ ಬರುತ್ತಿದ್ದ ಮನುಷ್ಯ. ಗೋಡೆಯ ಕ್ಯಾಲೆಂಡರು ಓರೆಯಾಗಿದ್ದರೆ ಊಟ ಇಳಿಯುವುದಿಲ್ಲ. ಅಂಥವರು ಆ ನಾಲ್ಕು ಜನರ ಎದುರಿಗೆ, ಹೌದಪ್ಪಾ, ನನಗೆ ಅಳತೆ ಬರುವುದಿಲ್ಲ, ಈಗಲಾದರೂ ಬದಲಾಯಿಸಿ ಕೊಡು ಎಂದರಂತೆ.

ಇಲ್ಲಿ ಮೇಡಂ ನನಗೆ ನೀರು ಕೊಟ್ಟರು. ಕುಡಿದು ಮುಂದುವರಿಸಿದ್ದೇನೆ.

ಒಂದಿಂಚಿನ ಸಂಗತಿಯನ್ನು ನಾನು ಅಂಗಡಿಯವರಿಗೆ ಬಿಡಿಸಿ ಹೇಳಿದೆ. ಅವರು ತಮ್ಮ ಸೊಂಟದ ಪಟ್ಟಿ ಮುಟ್ಟಿ ನೋಡಿಕೊಂಡರು. ಆಮೇಲೆ, ಅಕ್ಕಾ, ಎರಡು ವರ್ಷದ ಹಿಂದೆ ನೀವು ಹೊಲಿದ ಈ ಪ್ಯಾಂಟಿನಲ್ಲೂ ಆ ಒಂದಿಂಚು ಇದೆಯೇ ಎಂದು ಕೇಳಿದರು. ಇದೆ, ಇಲ್ಲದಿದ್ದರೆ ಈ ಹೊಟ್ಟೆ ಹೊತ್ತುಕೊಂಡು ನೀನು ದೂರು ಕೊಡಲು ಬರುತ್ತಿದ್ದದ್ದು ಹೇಗಪ್ಪಾ ಎಂದೆ. ಮೇಡಂ ಬರೆಯುವುದನ್ನು ನಿಲ್ಲಿಸಿ ಹೊರಗೆ ಹೋಗಿ ನಕ್ಕು ಬಂದರು. ಅಂಗಡಿಯವರು ದೂರು ವಾಪಸು ತೆಗೆದುಕೊಳ್ಳುವುದಾಗಿಯೂ, ಐದೂಮುಕ್ಕಾಲು ಇಂಚಿನ ಮೌನಿಯನ್ನು ತಾವೇ ಮನೆಗೆ ತಂದು ಕೂರಿಸಿಕೊಡುವುದಾಗಿಯೂ ಒಪ್ಪಿದ್ದಾರೆ. ಅದು ಕುದಿಯದ ಹಾಗೆ ಕಪಾಟಿನ ಬಾಗಿಲು ಕಳಚಿ ಪರದೆ ಹಾಕುವ ಕೆಲಸ ನನ್ನದು.

6ನೇ ತಾರೀಕಿನ ತೋಳಿನ ಬಗ್ಗೆಯೂ ಸ್ಪಷ್ಟಪಡಿಸುವುದು: ಅವತ್ತು ನನ್ನ ಗಮನ ಬಟ್ಟೆಯ ಮೇಲಿರಲಿಲ್ಲ, ಗಡಿಯಾರದ ಮೇಲಿತ್ತು, ಹತ್ತು ಗಂಟೆಯ ಹನಿ ಹಾಕಬೇಕಿತ್ತು. ಈ ದಿನ ನನ್ನ ಟೇಪೂ ಇವರ ಟೇಪೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಲೆಕ್ಕ ಹೇಳಿವೆ. ನನ್ನ ಕಣ್ಣು ನೆಟ್ಟಗಿದೆ. ಆದ್ದರಿಂದ ಅಂಗಡಿ ಮುಚ್ಚುತ್ತೇನೆ ಎಂದು ಊಟದ ಹೊತ್ತಿಗೆ ಕೊಟ್ಟಿದ್ದ ಹೇಳಿಕೆಯನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ.

ಕೊನೆಯದಾಗಿ ಒಂದು ಕೋರಿಕೆ. ನನ್ನ ಗಂಡ ಠಾಣೆಯ ಹೊರಗಿನ ಬೆಂಚಿನಲ್ಲಿದ್ದಾರೆ, ಈ ಬಾಗಿಲಿನಿಂದ ಹನ್ನೆರಡು ಅಡಿ. 2 ಗಂಟೆಗೆ ನಾನು ಹೋಗಿ ಕಣ್ಣಿಗೆ ಹನಿ ಹಾಕಿ ಬಂದೆ. ನೀನು ಯಾಕೆ ಇಷ್ಟು ದೂರ ಬಂದೆ, ನೋಡು ಆ ಅಂಗಡಿಯವನು ಎಂಥ ಎಡವಟ್ಟು ಮಾಡಿದ್ದಾನೆ ಎಂದರು. ಹೌದು ರೀ, ಅವನಿಗೆ ಅಳತೆಯ ಗಂಧಗಾಳಿಯೂ ಇಲ್ಲ ಎಂದೆ. ಹನಿ ಹಾಕಿದ ಕಣ್ಣು ಮುಚ್ಚಿಕೊಂಡು ಅವರು ನೆಮ್ಮದಿಯಾಗಿ ತಲೆ ಆಡಿಸಿದರು. ಆದ್ದರಿಂದ ಈ ಹೇಳಿಕೆಯನ್ನು ಅವರಿಗೆ ಓದಿ ಹೇಳಬಾರದು, ಅವರಿಗೆ ಕೇಳುವಂತೆ ಗಟ್ಟಿಯಾಗಿಯೂ ಓದಬಾರದು. ಹೊರಗೆ ಹೋದ ಮೇಲೆ ನನ್ನ ಗಂಡನಿಗೂ ಕೇಳುವಂತೆ ನನ್ನ ಎದುರಿಗೆ ಅಂಗಡಿಯವರು, ತಪ್ಪು ನಮ್ಮದೇ, ಡಬ್ಬಿಯ ಅಚ್ಚು ಸರಿಯಿರಲಿಲ್ಲ ಎಂದು ಒಂದು ಸಲ ಹೇಳಬೇಕು. ಅವರು ಒಪ್ಪಿದ್ದಾರೆ, ಒಂದೇ ಸಲ ಎಂದಿದ್ದಾರೆ. ಒಂದೇ ಸಲ ಸಾಕು. ಮುಂದಿನದನ್ನು ಮನೆಯಲ್ಲಿ ಇವರು ಹೇಳುತ್ತಾ ಇರುತ್ತಾರೆ, ನಾನು ಹೂಂ ಎನ್ನುತ್ತಾ ಇರುತ್ತೇನೆ.

ಮೇಲೆ ಬರೆದಿರುವುದೆಲ್ಲ ನಾನು ಹೇಳಿದ ಹಾಗೇ ಇದೆ. ಮೇಡಂ ಮೆಲುದನಿಯಲ್ಲಿ ಓದಿ ಹೇಳಿದ್ದನ್ನು ಕೇಳಿದ್ದೇನೆ. ಠಾಣೆಯೊಳಗೆ ಇದೇ ಸತ್ಯ. ಬೆಂಚಿನಿಂದ ಆಚೆಗೆ ಸತ್ಯ ಏನು ಎಂಬುದು ನನ್ನ ಗಂಡ ಹೇಳಿದಂತೆ.

ಸ್ಥಳ: ಪೊಲೀಸ್ ಠಾಣೆ, ಒಳಗಿನ ಕೋಣೆ
ದಿನಾಂಕ: ಇದೇ ತಿಂಗಳು 19, ಗುರುವಾರ, ಮಧ್ಯಾಹ್ನ 3 ಗಂಟೆ 5 ನಿಮಿಷ

ಹೇಳಿಕೆ ಕೊಟ್ಟವರ ಸಹಿ: (ಸಹಿ) ಕತ್ತರಿ ಅಕ್ಕ
ಬರೆದುಕೊಂಡವರು: (ಸಹಿ) ಹೆಡ್ ಕಾನ್ಸ್‌ಟೇಬಲ್. ಕೋರಿಕೆಯಂತೆ ಗಟ್ಟಿಯಾಗಿ ಓದಿಲ್ಲ.