ಅಟ್ಟದ ಮೇಲಿನ ಸೀಟಿ

ಹಂಬರ್ ನದಿಯ ಕಡೆಯಿಂದ ಎದ್ದ ಮಳೆ ಮಧ್ಯಾಹ್ನ ಕಳೆದರೂ ಬಿಟ್ಟಿರಲಿಲ್ಲ. ಹಲ್ ಪಟ್ಟಣದ ಹಳೆಯ ನೆಪ್ಚೂನ್ ನಾಟಕಶಾಲೆಯನ್ನು ನೋಡಲು ಲೀಡ್ಸಿನಿಂದ ಬಂದವರು ಹೊರಗೆ ಕಾಲಿಡಲಾಗದೆ, ರಂಗದ ಮುಂದಿನ ಕೆಂಪು ಕುರ್ಚಿಗಳಲ್ಲಿ ಒದ್ದೆ ಕೋಟುಗಳನ್ನು ಹರವಿಕೊಂಡು ಕೂತಿದ್ದರು. ಅವರಿಗೆ ಚಹಾ ಹಂಚುತ್ತಿದ್ದ ಮುದುಕಿ ಎನಿಡ್ ಥ್ಯಾಕ್ರೆ ಸಿಟ್ಟಿನಿಂದ ಕುದಿಯುತ್ತಿದ್ದಳು. ನಟರ ಉಡುಪು ಹೊಲಿಯುತ್ತ ಇಲ್ಲೇ ಕೂದಲು ಹಣ್ಣು ಮಾಡಿಕೊಂಡವಳು ಅವಳು. ಅಂದು ಬೆಳಿಗ್ಗೆ ರಂಗದ ಪಕ್ಕದ ಗೋಡೆಗೆ ಹೊಸ ಹಿತ್ತಾಳೆ ಫಲಕ ಹೊಡೆದಿದ್ದರು: 'ಕುಡಿದ ಅಮಲಿನಲ್ಲಿ ಹುಡುಗಿಯನ್ನು ಕೊಂದ ಜೇಬೆಜ್‌ನ ದೆವ್ವ ಇಲ್ಲಿದೆ.'

ಜೇಬೆಜ್ ಅವಳ ಅಜ್ಜ.

"ಎನಿಡಜ್ಜಿ, ನಮ್ಮ ದೆವ್ವದ ಕತೆ ನೀವೇ ಹೇಳಿಬಿಡಿ," ಎಂದ ಮ್ಯಾನೇಜರ್ ಕ್ರಿಸ್ಪಿನ್. "ಮನೆಯವರ ಬಾಯಲ್ಲೇ ಕೇಳಿದ್ರೆ ಮಜಾನೇ ಬೇರೆ."

"ಹೇಳ್ತೀನಪ್ಪಾ. ನೀನೂ ಕೂತು ಕೇಳು." ಅವಳು ಚಹಾದ ತಟ್ಟೆಯನ್ನು ಕುಕ್ಕಿ ಕೂತಳು.

"ನಮ್ಮಜ್ಜ ಹಾಯಿಹಡಗಿನವನು. ಮೊಣಕಾಲು ಕೆಟ್ಟ ಮೇಲೆ ಇಲ್ಲಿಗೆ ಸೇರ್ಕೊಂಡ... ಆ ಕಾಲದಲ್ಲಿ ಹಗ್ಗದ ಕೆಲಸ ನಾವಿಕರಿಗಲ್ಲದೆ ಇನ್ಯಾರಿಗೆ ಗೊತ್ತಿತ್ತು? ಅಗೋ, ಮೇಲೆ ಕತ್ತಲಲ್ಲಿ ಅಟ್ಟ ಕಾಣ್ತದಲ್ಲ, ಅಲ್ಲಿ ನಿಂತು ಕಾಡು, ಕೋಟೆ ಬರೆದ ಪರದೆಗಳನ್ನ ತೊಲೆ ಸಮೇತ ಏರಿಸೋದು, ಇಳಿಸೋದು. ಅಲ್ಲಿಂದ ಕೆಳಗೆ ನಿಂತವರು ಕಾಣಲ್ಲ, ಕೂಗೋಣ ಅಂದ್ರೆ ನಾಟಕ ನೋಡೋರಿಗೆ ಕೇಳ್ತದೆ, ಅದಕ್ಕೆ ಹಡಗಿನ ಹಾಗೇ ಸೀಟಿ. ಉದ್ದಕ್ಕೆ ಹೊಡೆದ್ರೆ ಇಳಿಸು, ಗಿಡ್ಡಕ್ಕೆ ಎರಡು ಸಲ ಹೊಡೆದ್ರೆ ತಡಿ. ಹಗ್ಗದವರು ಬಿಟ್ಟು ಬೇರೆ ಯಾರೂ ರಂಗದ ಮೇಲೆ ಸೀಟಿ ಹೊಡೀಬಾರದು. ಇವತ್ತಿಗೂ ಯಾವ ನಟನೂ ಹೊಡೆಯಲ್ಲ, ಯಾಕೆ ಅಂತ ಗೊತ್ತಿಲ್ಲದವನೂ ಹೊಡೆಯಲ್ಲ.

"ಅವತ್ತು ಹೊಡೆದವನು ಯಾರು? ಆಗಿನ ಯಜಮಾನ! ಅವನ ಮುದ್ದಿನ ನಾಯಿ ರಂಗಕ್ಕೆ ಓಡಿಬಂತು ಅಂತ ಅದನ್ನ ಕರೆಯೋಕೆ ಉದ್ದಕ್ಕೆ ಸೀಟಿ ಹೊಡೆದ... ಅಜ್ಜ ಹಗ್ಗ ಬಿಟ್ಟ. ಕೆಳಗೆ ಮೇಬೆಲ್ ಅನ್ನೋ ಕುಣಿಯೋ ಹುಡುಗಿ ಬಗ್ಗಿ ಚಪ್ಪಲಿಯ ದಾರ ಕಟ್ಕೋತಿದ್ಲು. ಕೋಟೆ ಪರದೆಯ ತೊಲೆ ಅವಳ ಮೇಲೇ ಬಂತು.

"ಯಜಮಾನ ಏನಂದ ಗೊತ್ತಾ? 'ಜೇಬೆಜ್ ಬಾಯಲ್ಲಿ ರಮ್ಮಿನ ವಾಸನೆ' ಅಂದ. ಹೆಂಡ ಮುಟ್ಟಲ್ಲ ಅಂತ ಪ್ರಾರ್ಥನಾಮಂದಿರದಲ್ಲಿ ಆಣೆ ಮಾಡಿದ್ದವನು ನಮ್ಮಜ್ಜ! ಸೀಟಿ ಎಲ್ಲರ ಕಿವಿಗೂ ಬಿದ್ದಿತ್ತು. ಒಬ್ಬನಾದ್ರೂ ತುಟಿ ಬಿಚ್ಚಿದ್ನಾ? ಆ ಚಳಿಗಾಲದಲ್ಲೇ ಅಜ್ಜನ್ನ ಹಡಗುಕಟ್ಟೆಯ ನೀರಿಂದ ಎತ್ತಿದ್ರು... ಆದ್ರೆ ಅವನು ನೀರಲ್ಲಿ ಉಳೀಲಿಲ್ಲ. ಮೇಲಿನ ಹಗ್ಗಗಳು ಇವತ್ತಿಗೂ ಒದ್ದೆ. ನೆಕ್ಕಿ ನೋಡಿ, ಉಪ್ಪು!"

ಕ್ರಿಸ್ಪಿನ್ ಚಪ್ಪಾಳೆ ತಟ್ಟಿದ. "ಸೂರು ಸೋರ್ತದೆ, ಅಜ್ಜಿ ಅದಕ್ಕೆ ಉಪ್ಪು ಹಾಕ್ತಾಳೆ!" ಎಂದು ನಗಿಸಿ, ರಂಗ ಹತ್ತಿ ನಟ್ಟನಡುವೆ ನಿಂತ. ನೋಡುವವರಿಗೆಂದು ಉಳಿಸಿಕೊಂಡಿದ್ದ ಅದೇ ಕೋಟೆ ಪರದೆ ಅವನ ತಲೆಯ ಮೇಲೆ ತೂಗುತ್ತಿತ್ತು. "ಕುಡುಕ ತಾತನ್ನ ಕರೆದೇಬಿಡೋಣ!" ಎಂದವನು ಉದ್ದಕ್ಕೆ ಸೀಟಿ ಹೊಡೆದ.

ಯಾರೋ ಕಿಸಕ್ಕೆಂದರು. ಆಮೇಲೆ ಅಟ್ಟದ ಕತ್ತಲಿಂದ ಅಂಥದ್ದೇ ಸೀಟಿ ತಿರುಗಿ ಬಂತು... ನಿಧಾನವಾಗಿ, ಕೊನೆಯಲ್ಲಿ ಏರುತ್ತ. ಕ್ರಿಸ್ಪಿನ್‌ನ ಕೆನ್ನೆಯ ಮೇಲೆ ನೀರಿನ ಹನಿ ಬಿತ್ತು. ತುಟಿಗೆ ಇಳಿದಾಗ ಅವನ ಮುಖ ಬಿಳಿಚಿತು. ಕಾಲು ಕೀಳಲು ನೋಡಿದ, ಬರಲಿಲ್ಲ.

"ಕೆಳಗೆ ಯಾರಾದ್ರೂ ಇದೀರಾ ಅಂತ ಕೇಳ್ತಿದಾನೆ," ಎಂದಳು ಎನಿಡ್. "ಅವತ್ತು ಕೇಳದೆ ಬಿಟ್ಟ. ಅದಕ್ಕೇ ಈಗ ಯಾರು ಸೀಟಿ ಹೊಡೆದ್ರೂ ಕೇಳ್ತಾನೆ, ಉತ್ತರ ಬರದಿದ್ರೆ ಹಗ್ಗ ಬಿಡ್ತಾನೆ. ಉಡುಪಿನ ಕೋಣೆಯಿಂದ ಓಡಿಬಂದು 'ತಡಿ' ಅಂತ ಸೀಟಿ ಹೊಡೆದು ನಿನ್ನಂಥ ಎಷ್ಟು ತಲೆ ಉಳಿಸಿದೀನೋ."

"ಹೊಡೀರಿ ಅಜ್ಜಿ, ದಮ್ಮಯ್ಯ..."

"ನೀನೇ ಹೊಡಿಯಪ್ಪಾ. ಈಗ ತಾನೆ ಚೆನ್ನಾಗಿ ಹೊಡೆದೆಯಲ್ಲ."

ಅವನ ಒಣಗಿದ ತುಟಿಯಿಂದ ಬರೀ ಉಸಿರು ಬಂತು. ಮೇಲೆ ಹಗ್ಗ ಕಿರುಗುಟ್ಟಿತು. ತೊಲೆ ಒಂದು ಗೇಣು ಜಾರಿತು.

"ನಮ್ಮಜ್ಜ ಕುಡಿದಿದ್ನಾ?"

"ಇಲ್ಲ!"

"ಮೇಲಕ್ಕೂ ಕೇಳಲಿ."

"ಜೇಬೆಜ್ ಕುಡಿದಿರಲಿಲ್ಲ!"

ಅವನು ಕಣ್ಣು ಮುಚ್ಚುವ ತನಕ ಎನಿಡ್ ಕಾದಳು. ಆಮೇಲೆ ಗಿಡ್ಡಕ್ಕೆ ಎರಡು ಸಲ ಸೀಟಿ ಹೊಡೆದಳು. ಕಿರುಗುಟ್ಟುವುದು ನಿಂತಿತು.

ಕ್ರಿಸ್ಪಿನ್ ತೆವಳಿದಂತೆ ಕೆಳಗಿಳಿದು, ಕುರ್ಚಿಯಲ್ಲಿ ಕುಸಿದು, ಸ್ವಲ್ಪ ಹೊತ್ತಿಗೆ ಕೊರಳಪಟ್ಟಿ ಸರಿಮಾಡಿಕೊಂಡ. "ಫಲಕದ ವಿಷಯ... ಮುಂದಿನ ಸಭೆಯಲ್ಲಿ ಇಟ್ಟು ನೋಡ್ತೀನಿ. ತಕ್ಷಣ ತೆಗಿಯೋಕಾಗಲ್ಲ, ಖರ್ಚು ಮಾಡಿ ಹಾಕ್ಸಿದೀವಿ..."

ಎನಿಡ್ ಅವನನ್ನು ದಿಟ್ಟಿಸಿದಳು. ಕೋಟು ತೊಟ್ಟು, ಮಳೆಗೆಂದು ತಲೆವಸ್ತ್ರ ಬಿಗಿದಳು.

"ನೋಡು, ನಿಧಾನವಾಗಿ ನೋಡು. ಅದು ಗೋಡೆ ಮೇಲಿರೋ ತನಕ ನಾನು ಈ ಹೊಸಿಲು ತುಳಿಯಲ್ಲ." ಬಾಗಿಲಲ್ಲಿ ನಿಂತು ಬಂದವರ ಕಡೆ ತಿರುಗಿದಳು. "ನೀವೂ ಅಷ್ಟೇ... ಮತ್ತೆ ಬಂದ್ರೆ ಇಲ್ಲೇ ಕೂತು ನೋಡಿ, ರಂಗ ಹತ್ತಬೇಡಿ. ಅಜ್ಜ ಕೇಳೋದು ಬಿಡಲ್ಲ. ಆದ್ರೆ ಇನ್ನು ಉತ್ತರ ಹೇಳೋರು ಯಾರಿದಾರೆ?"