ಕೌದಿಯ ಮೂಲೆ

ಮುಂಡರಗಿ ಬಸ್ ನಿಲ್ದಾಣದಲ್ಲಿ ಗದಗಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ಹಮ್ಮಿಗಿಗೆ ಹೊರಟ ಇಬ್ಬರು ಕೂತಿದ್ದರು. ಒಬ್ಬಳು ಮುದುಕಿ, ಇನ್ನೊಬ್ಬಳ ಮಡಿಲಲ್ಲಿ ಬಣ್ಣದ ದಾರದುಂಡೆಗಳ ಚೀಲ. ಮುದುಕಿಯೇ ಮಾತು ತೆಗೆದಳು.

"ರೋಜಾ, ನಿನ್ನ ನಾದಿನಿ ಕೂಸಿಗೆ ನೀ ಹೊಲಿದ ಕೌದಿ ನಿಮ್ಮತ್ತಿ ನೋಡಿದ್ಲೇನ?"

"ನೋಡಿದ್ರು ದೊಡ್ಡವ್ವಾ. ನನ್ನ ಜೀವ ಬಾಯಿಗೆ ಬಂದಿತ್ತು."

"ಯಾಕ? ಎಲ್ಲಾ ಅಕಿ ಹಳೇ ಸೀರಿನ ಅಲ್ಲೇನ?"

"ಸೀರಿ ಅವರವ, ಖರೆ. ಹೊಲದದ್ದು ಹೊಸಾ ಮಷಿನ್ ಮ್ಯಾಲೆ. ಗುಂಡಿ ತಿರುವಿದ್ರ ಬಳ್ಳಿ, ಮತ್ತ ತಿರುವಿದ್ರ ಹೂವು. ಆ ಖುಷಿಯೊಳಗ ನಾಕೂ ಮೂಲಿ ಮುಚ್ಚಿಬಿಟ್ಟೆ."

"ಅಯ್ಯ, ಒಳಗ ರೊಟ್ಟಿ ತುಂಡು ಇಡದನ?"

"ಮರತೆ. ಉಪವಾಸ ಇರೋ ಕೌದಿ ಕೂಸಿಗೆ ಹೊಚ್ಚಬಾರದು ಅಂತ ಅವರು ಮೊದಲ ಹೇಳಿದ್ರು."

"ಬೈದ್ಲೇನು?"

"ಇಲ್ಲ. ಒಂದೊಂದ ಹೂವಿನ ಮ್ಯಾಲೆ ಬೆರಳಾಡಿಸಿದ್ರು. ಆಮ್ಯಾಲೆ ಕತ್ರಿ ಕೊಡು ಅಂದ್ರು."

"ಶಿವನ!"

"ಒಂದ ಮೂಲಿ ಅಷ್ಟ ಬಿಚ್ಚಿದ್ರು. ಸಜ್ಜಿರೊಟ್ಟಿ ಚೂರು ಇಟ್ಟು, ತಮ್ಮ ಕೈಲೇ ಹೊಲದ್ರು. 'ಹೊಟ್ಟಿ ತುಂಬತು, ಇನ್ನ ಹೊಚ್ಚು' ಅಂದ್ರು. ಆಗ ನನಗ ಉಸಿರು ಬಂತು ನೋಡು."

"ಅಕಿಗೆ ಕಣ್ಣು ಸರಿ ಕಾಣಂಗಿಲ್ಲಲ್ಲ?"

"ಇಲ್ಲ. ಮೂಲಿ ಪೂರಾ ಸೊಟ್ಟಾಗೇತಿ."

"ಅಷ್ಟ ಚಂದ ಕೌದಿ ಕೆಟ್ಟಂಗಾತು."

ಹಮ್ಮಿಗಿ ಬಸ್ಸು ಬಂತು. ರೋಜಾ ಚೀಲ ಹೆಗಲಿಗೇರಿಸಿ, ಮುದುಕಿಯ ಕೈ ಹಿಡಿದು ಎಬ್ಬಿಸಿದಳು. ನಗುತ್ತಿದ್ದಳು.

"ನನ್ನ ಹೂವು, ಬಳ್ಳಿ ಕಡೆ ಕೂಸು ತಿರುಗಿ ಸುದ್ದಾ ನೋಡಂಗಿಲ್ಲ ದೊಡ್ಡವ್ವಾ. ಆ ಸೊಟ್ಟ ಮೂಲಿ ಮುಟಿಗ್ಯಾಗ ಸಿಕ್ರನ ಅದಕ್ಕ ನಿದ್ದಿ."